ವರ್ಣಲೇಪದ ಪದರಗಳು ಮತ್ತು ವಾಹನನಿರ್ಣಯ

ಮುಳಬಾಗಿಲಿಗೆ ಸಮೀಪದ ಕುರುಡುಮಲೆಯ ಸೋಮೇಶ್ವರ ದೇವಾಲಯದಲ್ಲಿ ಎರಡು ಬಗೆಯ ಶಿಲ್ಪಕಾರ್ಯವಿರುವುದೆಂದೂ, ಒಂದು ಜಕಣಾಚಾರಿಯದು, ಮತ್ತೊಂದು ಅವನ ಮಗನಾದ ಡಂಕಣನದು ಎಂದೂ ಸ್ಥಳೀಯರು ಹೇಳುವರು. ಕೆತ್ತನೆಯ ರೀತಿಯಿಂದ ಕಾಲವನ್ನೂ ಸಂಪ್ರದಾಯವನ್ನೂ ಊಹಿಸಬಹುದು. ಅದೊಂದರಿಂದಲೇ ಶಿಲ್ಪಿಯ ಹೆಸರನ್ನು ನಿಶ್ಚಯಿಸಲಾಗದು. ಇದೇ ವಿವೇಕವು, ಅಪಘಾತವೆಸಗಿ ಮರೆಯಾದ ಮೋಟಾರುಗಾಡಿಯನ್ನು ಬಣ್ಣದ ಚೂರಿನಿಂದ ಗುರುತಿಸುವ ಶಾಸ್ತ್ರಕ್ಕೂ ಬೇಕು. ಬೆಂಗಳೂರಿನಿಂದ ಕುರುಡುಮಲೆಗೆ ಹೋಗುವವರು ಹಳೆಯ ಮದರಾಸು ರಸ್ತೆಯಲ್ಲಿ ಮುಳಬಾಗಿಲಿಗೆ ಬರುವರು. ಅಂತಹ ಹೆದ್ದಾರಿಗಳಲ್ಲಿ ಈ ಪ್ರಶ್ನೆಯು ಕೇವಲ ಪಾಂಡಿತ್ಯದ್ದಲ್ಲ.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಶಾಲೆಯನ್ನು ಸ್ಥಾಪಿಸಿದ ಎಡ್ಮಂಡ್ ಲೊಕಾರನು, ಎರಡು ವಸ್ತುಗಳು ತಾಗಿದಾಗ ಒಂದರ ಅಂಶವು ಮತ್ತೊಂದರಲ್ಲಿ ಉಳಿಯುವುದೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಆದರೆ ಆಗ ಬಣ್ಣದಿಂದ ತಿಳಿಯುತ್ತಿದ್ದುದು ಅಲ್ಪ. ಫೋರ್ಡ್ ಕಂಪನಿಯು 1914ರಿಂದ 1925ರವರೆಗೆ ತನ್ನ ಟಿ ಮಾದರಿಯ ಗಾಡಿಗಳನ್ನು ಕಪ್ಪು ಬಣ್ಣದಲ್ಲಿಯೇ ಮಾರಿತು. ಎಲ್ಲವೂ ಕಪ್ಪಾಗಿರುವಲ್ಲಿ ಕಪ್ಪು ಚೂರು ಯಾರನ್ನು ತೋರಿಸೀತು? 1920ರ ದಶಕದಲ್ಲಿ ಬೇಗನೆ ಒಣಗುವ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯು ಬಂದು ಬಣ್ಣಗಳು ಹಲವಾದುವು. ಅದರೊಡನೆ ಸಾಕ್ಷ್ಯದ ಬೆಲೆಯೂ ಏರಿತು. 1970ರ ದಶಕದಲ್ಲಿ ಕೆನಡಾದ ಪೊಲೀಸರು ಕಾರ್ಖಾನೆಗಳ ಲೇಪವಿವರಗಳ ಸಂಗ್ರಹವನ್ನಾರಂಭಿಸಿದರು. ಚೂರನ್ನು ಅದಕ್ಕೆ ಹೋಲಿಸಿ ಗಾಡಿಯ ತಯಾರಕರನ್ನೂ ಮಾದರಿಯನ್ನೂ ವರ್ಷಗಳ ಅವಧಿಯನ್ನೂ ಊಹಿಸಬಹುದಾಯಿತು.

ಇಂದಿನ ಕಾರಿನ ಮೂಲಲೇಪದಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳಿರುವುವು: ತುಕ್ಕು ತಡೆಯುವ ವಿದ್ಯುಲ್ಲೇಪ, ಅದರ ಮೇಲೆ ನುಣುಪುಗೊಳಿಸುವ ಪದರ, ಬಣ್ಣ, ಕೊನೆಗೆ ಪಾರದರ್ಶಕ ಹೊದಿಕೆ. ಪರೀಕ್ಷಕನು ಚೂರಿನ ಅಡ್ಡಕೊಯ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪದರಗಳ ಕ್ರಮವನ್ನೂ ದಪ್ಪವನ್ನೂ ಗುರುತಿಸುವನು. ಅನಂತರ ಅವಗೆಂಪು ಕಿರಣಗಳಿಂದ ಬಂಧಕದ್ರವ್ಯದ ಸ್ವರೂಪವನ್ನು ಅರಿಯುವನು. ಮೂಲಲೇಪವು ಒಂದೇ ಕಾರ್ಖಾನೆಯ ಸಾವಿರಾರು ಗಾಡಿಗಳಲ್ಲಿ ಸಮಾನ. ಆದರೆ ಗಾಡಿಗೆ ಮರಳಿ ಬಣ್ಣ ಬಳಿದಿದ್ದರೆ, ಆ ಹೆಚ್ಚಿನ ಪದರಗಳು ಅದರ ಸ್ವಂತ ಚರಿತ್ರೆಯೇ ಆಗುವುವು. ಚೂರಿನ ಮುರಿದ ಅಂಚು ಗಾಡಿಯ ಗಾಯಕ್ಕೆ ಸರಿಯಾಗಿ ಕೂಡಿಕೊಂಡರಂತೂ ಅದಕ್ಕಿಂತ ಬಲವಾದ ಪ್ರಮಾಣವಿಲ್ಲ. ಒಡೆದ ಶಾಸನದ ತುಂಡುಗಳನ್ನು ಜೋಡಿಸುವವರಿಗೆ ಇದು ವಿದಿತವೇ ಸರಿ.

ಆದುದರಿಂದ "ಹೊಂದಿಕೆಯಾಗುತ್ತದೆ" ಎಂಬುದಕ್ಕೂ "ಇದೇ ಗಾಡಿ" ಎಂಬುದಕ್ಕೂ ಇರುವ ಅಂತರವನ್ನು ಮರೆಯಬಾರದು. ಪದರಗಳು ಸ್ಪಷ್ಟವಾಗಿ ಭೇದಿಸಿದರೆ ನಿರಪರಾಧಿಯನ್ನು ಬಿಡಿಸುವುದು ಸುಲಭ. ಹೊಂದಿದ ಮಾತ್ರಕ್ಕೆ ಅಪರಾಧಿಯನ್ನು ನಿರ್ಣಯಿಸುವುದು ಸುಲಭವಲ್ಲ. 1872ರ ಸಾಕ್ಷ್ಯ ಅಧಿನಿಯಮದ 45ನೆಯ ಪ್ರಕರಣದಲ್ಲಿಯೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯದರಲ್ಲಿಯೂ ತಜ್ಞನ ಮಾತಿಗೆ "ಅಭಿಪ್ರಾಯ"ವೆಂದೇ ಹೆಸರು. ಲಿಪಿಯಿಂದ ಶಾಸನದ ಕಾಲವನ್ನು ಹೇಳಿ, ಬರೆದವನ ಹೆಸರಿನ ವಿಷಯದಲ್ಲಿ ಮೌನವಾಗಿರುವ ಸಂಶೋಧಕನು ಈ ಸಂಯಮವನ್ನು ಬಲ್ಲನು. ಅವನು ತಪ್ಪಿದರೆ ಒಂದು ತೇದಿಯು ಕೆಡುವುದು. ಇವನು ತಪ್ಪಿದರೆ ಒಬ್ಬ ಮನುಷ್ಯನು ಸೆರೆಮನೆಗೆ ಹೋಗುವನು.