ಅಡ್ಡಣಿಗೆಯ ಮೂರು ಕಾಲು

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ ಹುಮನಾಬಾದವಿದೆ. ಅದೇ ದಾರಿಯಿಂದ ತುಸು ಒಳಕ್ಕೆ ಸರಿದರೆ ಬಸವಕಲ್ಯಾಣ. ಇಂಥ ಊರುಗಳಲ್ಲಿ ಚಹದ ಅಂಗಡಿಯ ಮುಂದೆ ಬಯಲಲ್ಲಿ ಮೇಜು ಹಾಕಿದರೆ, ಅದರ ಒಂದು ಕಾಲು ಗಟ್ಟಿ ಮೊರಮಿನ ಮೇಲೆ, ಇನ್ನೊಂದು ಶಹಾಬಾದ ಫರಸಿಯ ಮೇಲೆ. ಗಿರಾಕಿ ಮೊಣಕೈ ಊರಿದೊಡನೆ ಮೇಜು ವಾಲಿ, ಚಹವು ಬಶಿಗೆ ತುಳುಕುತ್ತದೆ. ಅಂಗಡಿಯ ಹುಡುಗ ಓಡಿಬಂದು ಕಾಲಿನ ಕೆಳಗೆ ಮಡಿಸಿದ ಕಾಗದವನ್ನು ತುರುಕುತ್ತಾನೆ. ಸಂಜೆಯೊಳಗೆ ಕಾಗದ ಜಾರುತ್ತದೆ. ಬಿಸಿ ಚಹ ಮಗುವಿನ ತೊಡೆಯ ಮೇಲೆ ಬಿದ್ದರೆ ಇದು ನಗುವ ಮಾತಾಗಿ ಉಳಿಯುವುದಿಲ್ಲ.

ನಮ್ಮ ಹಿರಿಯರು ಈ ತೊಡಕನ್ನು ಅರಿಯದವರಲ್ಲ. 11ನೆಯ ಶತಮಾನದ ನಡುವಿನಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ರಾಜಧಾನಿಯಾದ ಕಲ್ಯಾಣ, 12ನೆಯ ಶತಮಾನದಲ್ಲಿ ಬಸವಣ್ಣನವರ ಕಾರ್ಯಕ್ಷೇತ್ರವಾಯಿತು. ಆ ಪರಂಪರೆಯನ್ನು ಉಳಿಸಿಕೊಂಡು ಬಂದ ಉತ್ತರ ಕರ್ನಾಟಕದ ಲಿಂಗಾಯತ ಮನೆಗಳಲ್ಲಿ, ಮಠಗಳಲ್ಲಿ ಊಟದ ತಾಟನ್ನು ಅಡ್ಡಣಿಗೆಯ ಮೇಲೆ ಇಡುವ ಪದ್ಧತಿ ಬಹುಕಾಲದಿಂದ ಉಂಟು. ಅಡ್ಡಣಿಗೆ ಎಂದರೆ ಮೂರು ಕಾಲಿನ ಗಿಡ್ಡ ಪೀಠ. ನಾಲ್ಕಿಲ್ಲ, ಮೂರೇ. ಹೊಲದಲ್ಲಿ ಅಡುಗೆ ಹೂಡುವವರೂ ಮೂರು ಗುಂಡುಕಲ್ಲುಗಳನ್ನೇ ಇಟ್ಟು ಮಡಕೆಯನ್ನು ಕೂರಿಸುತ್ತಾರೆ.

ಕಾರಣ ಸರಳವಾದುದು. ಮೂರು ಬಿಂದುಗಳನ್ನು ಹೇಗೆ ಇಟ್ಟರೂ ಅವು ಒಂದು ಸಮತಲದಲ್ಲಿ ಸೇರುತ್ತವೆ. ನೆಲ ಎಷ್ಟೇ ಒರಟಾಗಿರಲಿ, ಮೂರೂ ಕಾಲು ಊರಿಯೇ ತೀರುತ್ತವೆ. ನಾಲ್ಕನೆಯದು ಬಂದಾಗಲೇ ವಾದ ಆರಂಭ. ಬೀದರ ಸಮೀಪ 1815ರಲ್ಲಿ, ಮತ್ತೆ 1841ರಲ್ಲಿ, ಭಾರತದ ಮಹಾ ತ್ರಿಕೋನಮಾಪನಕ್ಕಾಗಿ ಆಧಾರರೇಖೆಯನ್ನು ಅಳೆಯಲಾಯಿತು. ಅಂಥ ಮೋಜಣಿಯವರ ಉಪಕರಣ ಇಂದಿಗೂ ನಿಲ್ಲುವುದು ಮೂರು ಕಾಲಿನ ಮೇಲೆಯೇ.

ಹಾಗಾದರೆ ಹೊಟೆಲಿನ ಮೇಜಿಗೆ ನಾಲ್ಕು ಕಾಲೇಕೆ? ಅಡ್ಡಣಿಗೆ ನೆಲಕ್ಕೆ ಹತ್ತಿರ; ಹೊರುವುದು ಒಂದೇ ತಾಟನ್ನು. ಮೇಜು ಎತ್ತರ; ಅದರ ಅಂಚಿಗೆ ಜನ ಒರಗುತ್ತಾರೆ. ಒಂದೇ ವೃತ್ತದ ಮೇಲೆ ಕಾಲುಗಳನ್ನು ಸಮದೂರದಲ್ಲಿ ನಿಲ್ಲಿಸಿ ನೋಡಿ. ನಡುವಿನಿಂದ ಮಗುಚುವ ಗೆರೆಗೆ ಇರುವ ದೂರ, ನಾಲ್ಕು ಕಾಲಿದ್ದಾಗ ತ್ರಿಜ್ಯದ 100ಕ್ಕೆ 71 ಪಾಲು; ಮೂರಿದ್ದಾಗ 50 ಪಾಲು ಮಾತ್ರ. ಆದುದರಿಂದ ಮೂರು ಕಾಲಿನ ಮೇಜು ಕುಲುಕುವುದಿಲ್ಲ. ಆದರೆ ಬೇಗ ಮಗುಚುತ್ತದೆ. ಅದನ್ನು ಮಾಡಿಸುವವರು ಕಾಲುಗಳನ್ನು ಚೆನ್ನಾಗಿ ಅಗಲಿಸಿ ಇಡಿಸಬೇಕು.

ನಾಲ್ಕು ಕಾಲಿನ ಮೇಜಿಗೂ ಒಂದು ಉಪಾಯವುಂಟು. ಜಿನೀವಾದ ಸರ್ನ್ ಸಂಸ್ಥೆಯ ಭೌತವಿಜ್ಞಾನಿ ಆಂಡ್ರೆ ಮಾರ್ಟಿನ್ 2005ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು: ಕಾಲುಗಳು ಸಮನಾಗಿ ಚೌಕದ ಮೂಲೆಗಳಲ್ಲಿದ್ದು, ನೆಲದ ಇಳಿಜಾರು ಎಲ್ಲಿಯೂ 15 ಅಂಶವನ್ನು ಮೀರದಿದ್ದರೆ, ಮೇಜನ್ನು ಇದ್ದಲ್ಲೇ ಮೆಲ್ಲನೆ ತಿರುಗಿಸಿದರೆ ಸಾಕು. ಕಾಲು ಸುತ್ತು ತಿರುಗುವಷ್ಟರಲ್ಲಿ ಒಂದು ಕರ್ಣದ ಎರಡು ಕಾಲುಗಳು ನಿಂತಿದ್ದ ಜಾಗಕ್ಕೆ ಮತ್ತೊಂದು ಕರ್ಣದವು ಬರುತ್ತವೆ. ಮೊದಲು ತೇಲುತ್ತಿದ್ದವು ಈಗ ಊರಬೇಕು, ಊರಿದ್ದವು ತೇಲಬೇಕು. ಈ ಬದಲಾವಣೆಯ ನಡುವೆ ಎಲ್ಲೋ ಒಂದೆಡೆ ನಾಲ್ಕೂ ನೆಲ ಮುಟ್ಟಲೇಬೇಕು. ಮೇಜು ತುಸು ಓರೆಯಾಗಿ ನಿಂತೀತು, ಆದರೆ ಕುಲುಕದು.

ಒಂದು ಎಚ್ಚರಿಕೆ ಅವಶ್ಯ. ಈ ನಿಯಮ ಏರಿಳಿತವಿದ್ದೂ ಎಡೆಗಡಿಯದ ನೆಲಕ್ಕೆ ಸಲ್ಲುತ್ತದೆ. ಮೆಟ್ಟಿಲಿನಂತೆ ಎದ್ದು ನಿಂತ ಫರಸಿಯ ಅಂಚಿಗೆ ಸಲ್ಲದು. ಅಲ್ಲಿ ಮೇಜನ್ನು ಗೇಣುದ್ದ ಸರಿಸಿ, ಬಳಿಕ ತಿರುಗಿಸಬೇಕು. ಕಾಲುಗಳೇ ಉದ್ದ ಗಿಡ್ಡವಾಗಿದ್ದರೆ ಬಡಿಗನನ್ನು ಕರೆಯುವುದೇ ದಾರಿ.

ಮುಂದಿನ ಸಲ ಹುಮನಾಬಾದದಲ್ಲಿ ಬಸ್ಸು ಇಳಿದು ಚಹಕ್ಕೆ ಕುಳಿತಾಗ, ಹುಡುಗನು ಕಾಗದ ತರುವ ಮೊದಲೇ ಮೇಜನ್ನು ಮೆಲ್ಲಗೆ ತಿರುಗಿಸಿ ನೋಡಿರಿ. ಬಸಿ ಕಪ್ಪುಗಳನ್ನು ಮಾತ್ರ ಮೊದಲು ಕೈಗೆ ತೆಗೆದುಕೊಳ್ಳಿರಿ.