ಮುಂಬಯಿಗಿಂತ ಮೊದಲು ಕೊರವಂಜಿ

ಆರ್.ಕೆ. ಲಕ್ಷ್ಮಣ್ ಅವರನ್ನು ಮುಂಬಯಿಯ ವ್ಯಂಗ್ಯಚಿತ್ರಕಾರರೆಂದೇ ದೇಶ ನೆನೆಯುತ್ತದೆ. 1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಕಾಣಿಸಿಕೊಂಡ ಅವರ ‘ಶ್ರೀಸಾಮಾನ್ಯ’ ಅಷ್ಟು ದೊಡ್ಡವನಾದ. ಆದರೆ ಆ ಕೈ ಪಳಗಿದ್ದು ಇಲ್ಲಿ, ಕನ್ನಡ ನಾಡಿನಲ್ಲಿ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್‌ಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತು. ಅವರು ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಡಾ. ಎಂ. ಶಿವರಾಂ (ರಾಶಿ) 1942ರಲ್ಲಿ ಬೆಂಗಳೂರಿನಿಂದ ಹೊರತಂದ ‘ಕೊರವಂಜಿ’ ಮಾಸಪತ್ರಿಕೆ ಈ ತರುಣನ ಗೆರೆಗೆ ಜಾಗ ಕೊಟ್ಟಿತು.

ಕೊರವಂಜಿಯದು ಬರೀ ಮನೆಮಠದ ಹಾಸ್ಯ, ಅದರಲ್ಲಿ ರಾಜಕೀಯವೆಲ್ಲಿ ಎಂಬ ಆಕ್ಷೇಪವಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ 1947ರ ಅಕ್ಟೋಬರ್‌ವರೆಗೆ ಮೈಸೂರಿನಲ್ಲಿ ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬಡ ರೈತನಿಗೆ ಮತದಾನದ ಹಕ್ಕೇ ಇರಲಿಲ್ಲ. ಅಂಥ ನಾಡಿನಲ್ಲಿ ಸಾಮಾನ್ಯನ ಮುಖವನ್ನು ಗಮನವಿಟ್ಟು ಬರೆಯುವುದೇ ರಾಜಕೀಯದ ಮೊದಲ ಪಾಠವೆಂದು ನನ್ನ ನಂಬಿಕೆ. ವಯಸ್ಕರೆಲ್ಲರ ಮತದಾನದ ಮೊದಲ ಚುನಾವಣೆಯಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಶಾಸಕರಾದರು. ಸರಿಸುಮಾರು ಅದೇ ಹೊತ್ತಿಗೆ ಲಕ್ಷ್ಮಣ್‌ರ ಮಾತಿಲ್ಲದ ಪ್ರಜೆ ಪತ್ರಿಕೆಯ ಮೊದಲ ಪುಟಕ್ಕೆ ಬಂದ. ಇವೆರಡೂ ಒಂದೇ ಬದಲಾವಣೆಯ ಗುರುತುಗಳು. ಮುಂಬಯಿ ಲಕ್ಷ್ಮಣ್‌ರಿಗೆ ದಿನಪತ್ರಿಕೆಯ ವೇಗವನ್ನೂ ದೊಡ್ಡ ಓದುಗವರ್ಗವನ್ನೂ ಕೊಟ್ಟಿತು, ನಿಜ. ನೋಡುವ ಕಣ್ಣು ಮೈಸೂರಿನದು.

ಕೊರವಂಜಿ 1967ರಲ್ಲಿ ನಿಂತಿತು. ಹುಣಸೂರು ಸೇರಿ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ ಅದರ ಸಂಚಿಕೆಗಳು ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಹತ್ತಿರದ ಗ್ರಂಥಾಲಯಕ್ಕೆ ಕೊಡಿ.