ಒಂದೇ ಮೇವು ತಿಂದರೂ ಕೆಲವು ಇಲಿಗಳಿಗೆ ಮಾತ್ರ ರಕ್ತನಾಳದ ಕಾಯಿಲೆ ಏಕೆ?

"ನಮ್ಮ ತಾತ ದಿನಾ ತುಪ್ಪ ತಿಂದೇ ತೊಂಬತ್ತು ದಾಟಿದರು" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. "ಇದು ವಂಶದಲ್ಲೇ ಇದೆ, ಪಥ್ಯ ಮಾಡಿ ಏನು ಪ್ರಯೋಜನ?" ಎನ್ನುವವರೂ ಇದ್ದಾರೆ. ಎರಡೂ ಅರ್ಧಸತ್ಯಗಳು. ಪೂರ್ತಿ ಉತ್ತರಕ್ಕೆ ಪ್ರಯೋಗಾಲಯದ ಇಲಿಗಳತ್ತ ನೋಡೋಣ.

ತಳಿಗೊಂದು ಹಣೆಬರಹ

ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಮತ್ತು ಜೀವಕೋಶಗಳು ಸೇರಿ ಪದರ ಕಟ್ಟುವುದೇ ಅಥೆರೋಸ್ಕ್ಲೆರೋಸಿಸ್. ಇಲಿಗಳ ರಕ್ತದಲ್ಲಿ ಹೆಚ್ಚಿನ ಕೊಲೆಸ್ಟ್ರಾಲ್ 'ಒಳ್ಳೆಯ' ಎಚ್‌ಡಿಎಲ್ ರೂಪದಲ್ಲೇ ಇರುತ್ತದೆ. ಹಾಗಾಗಿ ಮಾಮೂಲಿ ಮೇವು ತಿನ್ನುವ ಇಲಿಗೆ ಈ ಕಾಯಿಲೆ ಸಾಮಾನ್ಯವಾಗಿ ಬರುವುದಿಲ್ಲ.

1980ರ ದಶಕದಲ್ಲಿ ಅಮೆರಿಕದ ಬೆವರ್ಲಿ ಪೈಗನ್ ಮತ್ತು ಸಂಗಡಿಗರು ಕೊಬ್ಬು, ಕೊಲೆಸ್ಟ್ರಾಲ್, ಪಿತ್ತಾಮ್ಲ ಬೆರೆಸಿದ ಮೇವನ್ನು ಹಲವು ತಳಿಗಳಿಗೆ ಕೊಟ್ಟರು. ಸಿ57ಬಿಎಲ್/6 ತಳಿಯ ಇಲಿಗಳಲ್ಲಿ ಪದರ ಕಟ್ಟಿತು. ಸಿ3ಎಚ್ ತಳಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೇವು ಒಂದೇ ಆಗಿದ್ದರಿಂದ ವ್ಯತ್ಯಾಸ ಇದ್ದದ್ದು ವಂಶವಾಹಿಗಳಲ್ಲಿ.

ಕೊಲೆಸ್ಟ್ರಾಲ್ ಒಂದೇ ಕಾರಣವಲ್ಲ

1992ರಲ್ಲಿ ಎರಡು ತಂಡಗಳು ಅಪೋ-ಇ ಎಂಬ ವಂಶವಾಹಿ ಕೆಲಸ ಮಾಡದ ಇಲಿಗಳನ್ನು ರೂಪಿಸಿದವು. ರಕ್ತದಿಂದ ಕೊಬ್ಬಿನ ಕಣಗಳನ್ನು ತೆಗೆಯಲು ನೆರವಾಗುವ ಪ್ರೋಟೀನ್ ಇದರಿಂದಲೇ ತಯಾರಾಗುತ್ತದೆ. ಅದಿಲ್ಲದ ಇಲಿಗಳಿಗೆ ಮಾಮೂಲಿ ಮೇವಿನಲ್ಲೂ ಕಾಯಿಲೆ ಬಂತು. ಆದರೆ ಸಿ3ಎಚ್ ತಳಿಯಲ್ಲಿ ಇದೇ ವಂಶವಾಹಿಯನ್ನು ತೆಗೆದಾಗ ಕೊಲೆಸ್ಟ್ರಾಲ್ ಏರಿದರೂ ಪದರ ಬಹಳ ಕಡಿಮೆ ಇತ್ತು! ಕೆಟ್ಟ ಕೊಬ್ಬಿಗೆ ಈ ತಳಿಯ ರಕ್ತನಾಳದ ಒಳಪದರ ಅಷ್ಟಾಗಿ ಉರಿಯೂತದಿಂದ ಪ್ರತಿಕ್ರಿಯಿಸುವುದಿಲ್ಲ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ರಕ್ತದಲ್ಲಿ ಏನಿದೆ ಎಂಬುದರ ಜೊತೆಗೆ ನಾಳದ ಗೋಡೆ ಅದಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದೂ ಮುಖ್ಯ.

ನಮಗೇನು ಪಾಠ?

ಇಲಿ ಪುಟ್ಟ ಮನುಷ್ಯನಲ್ಲ. ಅದರ ಪದರಗಳು ಒಡೆದು ಹೃದಯಾಘಾತವಾಗುವುದು ತೀರಾ ಅಪರೂಪ. ಆದ್ದರಿಂದ "ಇಲಿಗಳಲ್ಲಿ ವಾಸಿಯಾಯಿತು" ಎಂಬ ಸುದ್ದಿ ಕಂಡ ಕೂಡಲೇ ಮಾತ್ರೆ ಬದಲಿಸಬೇಡಿ.

ಆದರೂ ಒಂದು ವಿಷಯ ಸ್ಪಷ್ಟ. ಕಾಯಿಲೆಗೆ ಸುಲಭವಾಗಿ ತುತ್ತಾಗುವ ಸಿ57ಬಿಎಲ್/6 ಇಲಿ ಕೂಡ ಮಾಮೂಲಿ ಮೇವಿನಲ್ಲಿ ಆರೋಗ್ಯವಾಗಿಯೇ ಇರುತ್ತದೆ. ತಾತನಿಗೆ ಸಿಕ್ಕ ರಕ್ಷಣೆ ಮೊಮ್ಮಗನಿಗೂ ಸಿಕ್ಕಿದೆ ಎಂಬ ಖಾತ್ರಿಯಿಲ್ಲ. ವಂಶದಲ್ಲಿದೆ ಎಂದು ಕೈಚೆಲ್ಲಬೇಕಾಗಿಯೂ ಇಲ್ಲ. ಮನುಷ್ಯರಲ್ಲಿ ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟ್ರಾಲ್ ಪೋಷಕರಲ್ಲಿ ಒಬ್ಬರಿಗಿದ್ದರೆ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ. 50. ಅದಕ್ಕೆ ಚಿಕಿತ್ಸೆ ಇದೆ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ, ಉಳಿದವರು ರಕ್ತಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣುವುದು ಒಳ್ಳೆಯದು.